ಕಿಲುಬು ತೆಗೆಯುವ ದ್ರವ ಸಂಗೀತವನ್ನೂ ಸುಧಾರಿಸುತ್ತದೆಯೇ?

ಹಳೆಯ ಆಂಪ್ಲಿಫೈಯರ್‌ಗಳಿಗೂ ಟರ್ನ್‌ಟೇಬಲ್‌ಗಳಿಗೂ ಮತ್ತೆ ಬೆಲೆ ಬಂದಿದೆ. ಅಟ್ಟ ಸೇರಿದ್ದ ಜಪಾನಿ ಆಂಪ್‌ಗಳನ್ನು ಕೆಳಗಿಳಿಸಿ ರಿಪೇರಿ ಮಾಡಿಸುವವರು, ಸೆಕೆಂಡ್ ಹ್ಯಾಂಡ್ ಸ್ಪೀಕರ್‌ಗಾಗಿ ಊರೂರು ಹುಡುಕುವವರು ಹೆಚ್ಚಾಗಿದ್ದಾರೆ. ಇವರ ಬೆನ್ನಿಗೇ ಇನ್ನೊಂದು ವ್ಯಾಪಾರವೂ ಬೆಳೆದಿದೆ. ಪ್ಲಗ್ಗಿನ ತುದಿಗೆ, ಸಾಕೆಟ್ಟಿನ ಒಳಗೆ, ಸ್ಪೀಕರ್ ವೈರಿನ ಬಾಯಿಗೆ ಹಚ್ಚುವ ದ್ರವ ಮತ್ತು ಪೇಸ್ಟ್‌ಗಳ ವ್ಯಾಪಾರ ಅದು. ಇವನ್ನು ಕಾಂಟ್ಯಾಕ್ಟ್ ಎನ್‌ಹ್ಯಾನ್ಸರ್ ಎನ್ನುತ್ತಾರೆ. ಅಮೆರಿಕದ ಕೇಗ್ ಕಂಪನಿಯ ಡಿಯಾಕ್ಸಿಟ್, ಕೆನಡಾದ ಸ್ಟೇಬಿಲಂಟ್ 22 ಇವುಗಳಲ್ಲಿ ಹಳಬರು. ಬೆಳ್ಳಿಪುಡಿ ಬೆರೆಸಿದ ಪೇಸ್ಟ್‌ಗಳು ಆಮೇಲೆ ಬಂದವು, ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನ್ ಹೆಸರು ಹೊತ್ತವು ಇತ್ತೀಚಿನವು. ಕೆಲವೇ ಮಿಲಿಲೀಟರ್ ಸರಕಿಗೆ ಸಾವಿರಾರು ರೂಪಾಯಿ ಕೇಳುವವರೂ ಇದ್ದಾರೆ.

ಹಚ್ಚಿದವರನ್ನು ಕೇಳಿದರೆ ಹಾಡುಗಾರರ ಉಸಿರು ಸ್ಪಷ್ಟವಾಯಿತು, ತಂಬೂರದ ಝೇಂಕಾರ ತೆರೆದುಕೊಂಡಿತು ಎನ್ನುತ್ತಾರೆ. ಎಲೆಕ್ಟ್ರಾನಿಕ್ಸ್ ಬಲ್ಲವರು ಇದೆಲ್ಲ ಭ್ರಮೆ ಎಂದು ಕೈಕೊಡವಿಬಿಡುತ್ತಾರೆ. ಈ ಎರಡು ಮಾತಿನ ನಡುವೆ ಸಿಕ್ಕಿಕೊಂಡ ಸಾಮಾನ್ಯ ಕೇಳುಗನಿಗೆ ಬೇಕಾದದ್ದು ಲೆಕ್ಕ. ಯಾವ ಜೋಡಣೆ ಕೆಟ್ಟರೆ ಎಷ್ಟು ಕೆಡುತ್ತದೆ, ಸರಿಮಾಡಿದರೆ ಎಷ್ಟು ಮರಳಿ ಬರುತ್ತದೆ ಎಂಬ ಲೆಕ್ಕ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕೆಟ್ಟ ಜೋಡಣೆಯಿಂದ ಕಳೆದುಹೋದದ್ದನ್ನು ಈ ದ್ರವಗಳು ಮರಳಿ ಕೊಡಬಲ್ಲವು. ಚೊಕ್ಕಟವಾಗಿ, ಬಿಗಿಯಾಗಿ ಇರುವ ಜೋಡಣೆಗೆ ಹೊಸದಾಗಿ ಏನನ್ನೂ ಸೇರಿಸಲಾರವು. ಈ ವ್ಯತ್ಯಾಸವನ್ನು ಮಾರುವವರು ಹೇಳುತ್ತಿಲ್ಲ ಎಂಬುದೇ ನನ್ನ ತಕರಾರು.

ಎರಡು ಲೋಹ ತಾಗುವುದೆಂದರೆ

ಪ್ಲಗ್ಗನ್ನು ಸಾಕೆಟ್ಟಿಗೆ ಒತ್ತಿದಾಗ ಲೋಹ ಲೋಹಕ್ಕೆ ಪೂರ್ತಿ ಅಂಟಿಕೊಂಡಂತೆ ಕಾಣುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಮೇಲ್ಮೈಗಳೆಲ್ಲ ಉಬ್ಬುತಗ್ಗು. ಉಬ್ಬಿಗೆ ಉಬ್ಬು ತಾಗಿದ ಕೆಲವೇ ಚುಕ್ಕೆಗಳಲ್ಲಿ ವಿದ್ಯುತ್ತು ದಾಟುತ್ತದೆ, ಉಳಿದ ಜಾಗದಲ್ಲಿ ಗಾಳಿ. ಈ ಚುಕ್ಕೆಗಳ ಗಣಿತವನ್ನು ಗಟ್ಟಿಯಾಗಿ ಕಟ್ಟಿಕೊಟ್ಟವರು ಸ್ವೀಡನ್ನಿನ ಭೌತವಿಜ್ಞಾನಿ ರಾಗ್ನರ್ ಹೋಮ್ (1879–1970). ಬರ್ಲಿನ್ನಿನ ಸೀಮೆನ್ಸ್‌ನಲ್ಲಿದ್ದಾಗ ಅವರು ಮಾಡಿದ ಕೆಲಸವೇ ಇವತ್ತಿಗೂ ಈ ಶಾಸ್ತ್ರದ ತಳಹದಿ. ಅಗಲವಾದ ದಾರಿಯಲ್ಲಿ ಬಂದ ಕರೆಂಟು ಸಣ್ಣ ಚುಕ್ಕೆಯೊಳಗೆ ನುಸುಳಬೇಕಾದಾಗ ಅಲ್ಲೊಂದು ರೋಧ ಹುಟ್ಟುತ್ತದೆ. ಲೋಹದ ರೋಧಕತೆಯನ್ನು ಚುಕ್ಕೆಯ ವ್ಯಾಸದಿಂದ ಭಾಗಿಸಿದರೆ ಅದು ಎಷ್ಟೆಂದು ಗೊತ್ತಾಗುತ್ತದೆ.

ತಾಮ್ರದ ರೋಧಕತೆ 0.000000017 ಓಮ್-ಮೀಟರ್. ಕೂದಲೆಳೆಗಿಂತಲೂ ಸಣ್ಣದಾದ, 20 ಮೈಕ್ರೊಮೀಟರ್ ಅಗಲದ ಒಂದೇ ಒಂದು ಚುಕ್ಕೆ ಶುಭ್ರವಾಗಿ ತಾಗಿದೆ ಎಂದಿಟ್ಟುಕೊಳ್ಳಿ. ರೋಧ 0.85 ಮಿಲಿಓಮ್ ಬರುತ್ತದೆ. ಅಂದರೆ ಓಮಿನ ಸಾವಿರದಲ್ಲೊಂದು ಭಾಗವೂ ಇಲ್ಲ. ನಿಜವಾದ ಪ್ಲಗ್ಗಿನಲ್ಲಿ ಇಂಥ ಚುಕ್ಕೆಗಳು ಹಲವು ಇರುತ್ತವೆ. ಗಾಳಿ ತುಂಬಿದ ಸಂದುಗಳನ್ನು ನಮ್ಮ ಪೇಸ್ಟ್ ತುಂಬಿಕೊಡುತ್ತದೆ ಎನ್ನುವ ಜಾಹೀರಾತು ಓದಿದಾಗಲೆಲ್ಲ ನನಗೆ ಈ ಅಂಕಿ ನೆನಪಾಗುತ್ತದೆ. ಒಂದೆರಡು ಚುಕ್ಕೆಯಲ್ಲೇ ಕೆಲಸ ಮುಗಿದಿರುವಾಗ ಸಂದು ತುಂಬಿ ಉಳಿಸುವುದಾದರೂ ಎಷ್ಟು?

ಸಿಡಿ ಪ್ಲೇಯರಿನಿಂದ ಆಂಪಿಗೆ ಹೋಗುವ ಆರ್‌ಸಿಎ ಕೇಬಲ್ಲನ್ನೇ ನೋಡೋಣ. ಆಂಪಿನ ಇನ್‌ಪುಟ್ ರೋಧ ಸಾಮಾನ್ಯವಾಗಿ 10,000 ಓಮ್ ಅಥವಾ ಅದಕ್ಕೂ ಹೆಚ್ಚು. ಪ್ಲಗ್ಗಿನ ನಡುಪಿನ್ನಿನ ರೋಧ 10 ಮಿಲಿಓಮ್ ಇದ್ದದ್ದು ದ್ರವ ಹಚ್ಚಿದ ಮೇಲೆ 1 ಮಿಲಿಓಮಿಗೆ ಇಳಿಯಿತು ಎನ್ನೋಣ. ಕಾಗದದ ಮೇಲೆ ಹತ್ತು ಪಟ್ಟು ಸುಧಾರಣೆ. ಆಂಪಿಗೆ ಸೇರುವ ಸಿಗ್ನಲ್ಲಿನಲ್ಲಿ ಆಗುವ ಏರಿಕೆ ಡೆಸಿಬೆಲ್ಲಿನ ಲಕ್ಷದಲ್ಲೊಂದು ಭಾಗಕ್ಕಿಂತ ಕಡಿಮೆ. ಸ್ಪೀಕರ್ ಕಡೆ ಲೆಕ್ಕ ಸ್ವಲ್ಪ ಬೇರೆ, ಅಲ್ಲಿ ಸ್ಪೀಕರಿನ ರೋಧವೇ 8 ಓಮ್. ಆದರೂ 5 ಮಿಲಿಓಮಿನ ವ್ಯತ್ಯಾಸ ಡೆಸಿಬೆಲ್ಲಿನ ನೂರರಲ್ಲೊಂದು ಭಾಗವನ್ನೂ ಮುಟ್ಟುವುದಿಲ್ಲ. 2.5 ಚದರ ಮಿಲಿಮೀಟರ್ ತಾಮ್ರದ ವೈರಿನ ಒಂದು ಮೀಟರಿಗೇ ಸುಮಾರು 8 ಮಿಲಿಓಮ್ ರೋಧ ಇರುತ್ತದೆ. ಸ್ಪೀಕರನ್ನು ಗೋಡೆಯಿಂದ ಒಂದು ಮೊಳ ಆಚೆ ಸರಿಸಿದರೆ ಕಿವಿಗೆ ಬೀಳುವ ವ್ಯತ್ಯಾಸದ ಮುಂದೆ ಇದೆಲ್ಲ ಏನೂ ಅಲ್ಲ.

ಈ ಲೆಕ್ಕವನ್ನು ಹಿಡಿದುಕೊಂಡೇ ಎಲೆಕ್ಟ್ರಾನಿಕ್ಸ್ ಬಲ್ಲವರು ಮಾತು ಮುಗಿಸಿಬಿಡುತ್ತಾರೆ. ಅಲ್ಲಿ ಅವರೂ ಅವಸರ ಮಾಡುತ್ತಾರೆ. ಶುಭ್ರ ಲೋಹ ಶುಭ್ರ ಲೋಹಕ್ಕೆ ತಾಗಿದಾಗ ಮಾತ್ರ ನಿಲ್ಲುವ ಲೆಕ್ಕ ಇದು. ನಡುವೆ ಕಿಲುಬಿನ ಪೊರೆ ಬಂದ ಮೇಲೆ ಕಥೆಯೇ ಬೇರೆ.

ರಾತ್ರಿ ಮಾತ್ರ ಮೂಕವಾಗುತ್ತಿದ್ದ ಚಾನೆಲ್

ಉಡುಪಿಯ ಪರಿಚಿತರೊಬ್ಬರ ಮನೆಯಲ್ಲಿ ಹಳೆಯ ಆಂಪ್ ಇದೆ. ಅದರ ಕಾಯಿಲೆ ವಿಚಿತ್ರವಾಗಿತ್ತು. ಹಗಲು ಜೋರಾಗಿ ಹಾಕಿದರೆ ಎರಡೂ ಸ್ಪೀಕರ್ ಚೆನ್ನಾಗಿ ಹಾಡುತ್ತಿದ್ದವು. ರಾತ್ರಿ ಮನೆಯವರು ಮಲಗಿದ ಮೇಲೆ ಸಣ್ಣಗೆ ಹಾಕಿದರೆ ಎಡಗಡೆಯದು ಮಂಕಾಗುತ್ತಿತ್ತು, ಒಮ್ಮೊಮ್ಮೆ ಪೂರ್ತಿ ಮೂಕ. ವಾಲ್ಯೂಮನ್ನು ಒಮ್ಮೆ ಗಕ್ಕನೆ ಏರಿಸಿ ಇಳಿಸಿದರೆ ಸರಿಹೋಗುತ್ತಿತ್ತು, ಮಾರನೇ ರಾತ್ರಿ ಮತ್ತದೇ ಪಾಡು. ಅವರು ಕೇಬಲ್ ಬದಲಿಸಿದ್ದರು, ದುಬಾರಿ ಸೀಸೆಯೊಂದನ್ನು ತರಿಸಿ ಹಿಂಬದಿಯ ಎಲ್ಲ ಪ್ಲಗ್‌ಗಳಿಗೂ ಹಚ್ಚಿದ್ದರು. ಏನೂ ಪ್ರಯೋಜನವಾಗಿರಲಿಲ್ಲ.

ಆಂಪಿನ ಮುಚ್ಚಳ ತೆಗೆದಾಗ ತೊಂದರೆ ಎಲ್ಲಿದೆಯೆಂದು ಕಂಡಿತು. ಸ್ವಿಚ್ ಹಾಕಿದ ಕೆಲವು ಸೆಕೆಂಡಿನ ಮೇಲೆ ಟಕ್ ಎಂದು ಸದ್ದು ಮಾಡಿ ಸ್ಪೀಕರ್‌ಗಳನ್ನು ಜೋಡಿಸುವ ರಿಲೇ ಇರುತ್ತದಲ್ಲ, ಅದರ ಕಾಂಟ್ಯಾಕ್ಟ್‌ಗಳು ಕಪ್ಪಾಗಿದ್ದವು. ಬೆಳ್ಳಿಯ ಮಿಶ್ರಲೋಹದ, ಬೇಳೆಕಾಳಿನಷ್ಟು ದೊಡ್ಡ ಗುಂಡಿಗಳು ಅವು. ಪ್ಲಾಸ್ಟಿಕ್ ಕವಚ ಬಿಡಿಸಿ, ದಪ್ಪ ಕಾಗದದ ಪಟ್ಟಿಗೆ ಕಾಂಟ್ಯಾಕ್ಟ್ ಕ್ಲೀನರ್ ತೇವ ಮಾಡಿ ಎರಡು ಗುಂಡಿಗಳ ನಡುವೆ ಇಟ್ಟು, ಮೇಲಿನಿಂದ ಮೆಲ್ಲಗೆ ಒತ್ತಿ ಹಿಡಿದು ಎಳೆದರೆ ಕಾಗದದ ಮೇಲೆ ಕಾಡಿಗೆ ಎಳೆದಂಥ ಗೆರೆ. ಮತ್ತೆ ಮತ್ತೆ ಎಳೆದ ಮೇಲೆ ಗೆರೆ ತೆಳುವಾಗುತ್ತ ಬಂತು. ಆ ರಾತ್ರಿ ಸಣ್ಣ ವಾಲ್ಯೂಮಿನಲ್ಲೂ ಎರಡು ಕಡೆ ಸರಿಸಮ ಹಾಡಿತು. ಆಮೇಲೆ ರಿಲೇಯನ್ನೇ ಹೊಸದಾಗಿ ಹಾಕಿಸಿದರು, ಅದು ದೊಡ್ಡ ಖರ್ಚಲ್ಲ.

ಸಣ್ಣ ವಾಲ್ಯೂಮಿನಲ್ಲೇ ಏಕೆ ಹೀಗೆ? ಇಲ್ಲೂ ಹೋಮ್ ಕೊಟ್ಟ ವಿವರಣೆಯೇ ನೆರವಿಗೆ ಬರುತ್ತದೆ. ಪೊರೆಯ ಮೇಲೆ ಬೀಳುವ ವೋಲ್ಟೇಜ್ ಒಂದು ಮಿತಿ ದಾಟಿದಾಗ ಪೊರೆ ಒಂದೆರಡು ಕಡೆ ತೂತಾಗಿ, ಆ ತೂತಿನೊಳಗೆ ಲೋಹದ ಸಣ್ಣ ಸೇತುವೆ ಮೂಡುತ್ತದೆ. ಆ ಮಿತಿ ಪೊರೆಯ ದಪ್ಪಕ್ಕೆ ತಕ್ಕಂತೆ ಕೆಲವು ನೂರು ಮಿಲಿವೋಲ್ಟಿನಿಂದ ಕೆಲವು ವೋಲ್ಟಿನವರೆಗೂ ಇರಬಹುದು. 88 ಡೆಸಿಬೆಲ್ ಸಾಮರ್ಥ್ಯದ, ಅಂದರೆ ಒಂದು ವ್ಯಾಟ್ ಕೊಟ್ಟರೆ ಮೀಟರ್ ದೂರದಲ್ಲಿ ಅಷ್ಟು ಸದ್ದು ಮಾಡುವ ಸ್ಪೀಕರಿನಿಂದ ಅದೇ ದೂರದಲ್ಲಿ 58 ಡೆಸಿಬೆಲ್, ಅಂದರೆ ಮಾತಾಡುವ ಮಟ್ಟದ ಸದ್ದು ಬರಲು ಒಂದು ಮಿಲಿವ್ಯಾಟ್ ಸಾಕು. 8 ಓಮಿನ ಸ್ಪೀಕರಿಗೆ ಅದು 90 ಮಿಲಿವೋಲ್ಟ್ ಆಗುತ್ತದೆ. ಪೊರೆಯನ್ನು ಮುರಿಯಲು ಅಷ್ಟು ಸಾಲದು. ಒಂದು ವ್ಯಾಟಿಗೆ ಏರಿಸಿದರೆ 2.83 ವೋಲ್ಟ್, ಪೊರೆ ಮುರಿಯುತ್ತದೆ, ಸ್ಪೀಕರಿಗೆ ಜೀವ ಬರುತ್ತದೆ.

ಇಷ್ಟು ಸಣ್ಣ ವೋಲ್ಟೇಜಿನ ಸರ್ಕಿಟ್ಟನ್ನು ಎಂಜಿನಿಯರುಗಳು ಡ್ರೈ ಸರ್ಕಿಟ್ ಎನ್ನುತ್ತಾರೆ. ಕನೆಕ್ಟರುಗಳ ರೋಧ ಅಳೆಯುವ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ 20 ಮಿಲಿವೋಲ್ಟಿಗಿಂತ ಹೆಚ್ಚು ಕೊಡಬಾರದು ಎಂಬ ನಿಯಮ ಇರುವುದೂ ಇದಕ್ಕೇ. ಹೆಚ್ಚು ಕೊಟ್ಟರೆ ಅಳೆಯುವ ಕ್ರಿಯೆಯೇ ಪೊರೆಯನ್ನು ಮುರಿದು, ರೋಗಿ ಆರೋಗ್ಯವಂತನಂತೆ ಕಾಣುತ್ತಾನೆ. ಹೈಫೈ ಪ್ರಪಂಚದಲ್ಲಿ ಇದರ ಬಿಸಿ ಹೆಚ್ಚು ತಟ್ಟುವುದು ಟರ್ನ್‌ಟೇಬಲ್‌ಗೆ. ರೆಕಾರ್ಡಿನ ಗೆರೆಯನ್ನು ಓದುವ ಸೂಜಿಯ ಭಾಗಕ್ಕೆ ಕಾರ್ಟ್ರಿಜ್ ಎನ್ನುತ್ತಾರೆ. ಮೂವಿಂಗ್ ಕಾಯಿಲ್ ಬಗೆಯದು ಹೊರಡಿಸುವುದು ಸಾಮಾನ್ಯವಾಗಿ ಅರ್ಧ ಮಿಲಿವೋಲ್ಟಿಗಿಂತ ಕಡಿಮೆ, ಮೂವಿಂಗ್ ಮ್ಯಾಗ್ನೆಟ್ಟಿನದು ಮೂರರಿಂದ ಐದು ಮಿಲಿವೋಲ್ಟ್. ಕೆಂಪು, ಬಿಳಿ, ಹಸಿರು, ನೀಲಿ ಬಣ್ಣದ ನಾಲ್ಕು ಕೂದಲಿನಂಥ ವೈರುಗಳು ಕಾರ್ಟ್ರಿಜ್ಜಿನ ಹಿಂಬದಿಯ ಪಿನ್ನುಗಳಿಗೆ ಕೂರುವ ಜಾಗದಲ್ಲಿ ಪೊರೆ ಬೆಳೆದರೆ ಅದನ್ನು ಮುರಿಯುವ ಶಕ್ತಿ ಆ ಸಿಗ್ನಲ್ಲಿಗೆ ಎಂದಿಗೂ ಬರುವುದಿಲ್ಲ. ಯಾವ ಜೋಡಣೆಗೆ ಮೊದಲು ಗಮನ ಕೊಡಬೇಕು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ನಾಲ್ಕು ಪಿನ್ನು ಮತ್ತು ಕಾರ್ಟ್ರಿಜ್ಜನ್ನು ಹಿಡಿದಿಡುವ ಹೆಡ್‌ಶೆಲ್ಲಿನ ಕಾಂಟ್ಯಾಕ್ಟ್‌ಗಳನ್ನು.

ಆರ್‌ಸಿಎ ಪ್ಲಗ್ಗಿನಲ್ಲೂ ಎಲ್ಲರೂ ಉಜ್ಜುವುದು ನಡುಪಿನ್ನನ್ನು. ತೊಂದರೆ ಕೊಡುವುದು ಹೊರಗಿನ ಬಳೆ. ಎರಡು ಉಪಕರಣಗಳ ಲೋಹದ ಕವಚಗಳ ನಡುವೆ ಕರೆಂಟಿನ ಸಣ್ಣ ಸೋರಿಕೆ ಯಾವಾಗಲೂ ಇದ್ದೇ ಇರುತ್ತದೆ, ಅದು ಹರಿಯುವುದು ಈ ಬಳೆ ಮತ್ತು ಕೇಬಲ್ಲಿನ ಹೊರಜಾಲರಿಯ ಮೂಲಕ. ಆ ದಾರಿಯಲ್ಲಿ ಹುಟ್ಟುವ ವೋಲ್ಟೇಜ್ ಸಿಗ್ನಲ್ಲಿಗೆ ನೇರವಾಗಿ ಕೂಡಿಕೊಳ್ಳುತ್ತದೆ. ಸೋರಿಕೆ 100 ಮೈಕ್ರೊಆಂಪಿಯರ್ ಎಂದುಕೊಳ್ಳೋಣ. ದಾರಿಯ ರೋಧ 0.1 ಓಮ್ ಇದ್ದರೆ ಗುಂಯ್ ಎನ್ನುವ ಸದ್ದು ಸಂಗೀತಕ್ಕಿಂತ ಸುಮಾರು 90 ಡೆಸಿಬೆಲ್ ಕೆಳಗಿರುತ್ತದೆ, ಕೇಳಿಸದು. ಬಳೆ ಸಡಿಲಾಗಿ, ಕಿಲುಬು ಹಿಡಿದು 1 ಓಮ್ ಆದರೆ ಬರೀ 70 ಡೆಸಿಬೆಲ್ ಕೆಳಗಿನ ಮಟ್ಟಕ್ಕೆ ಏರುತ್ತದೆ. ನಿಶ್ಶಬ್ದವಾದ ಕೋಣೆಯಲ್ಲಿ, ಆಲಾಪದ ನಡುವಿನ ಮೌನದಲ್ಲಿ ಆ ಗುಂಯ್ ಕೇಳಿಸಬಹುದು. ಕೇಬಲ್ ಉಜ್ಜಿದ ಮೇಲೆ ಹಿನ್ನೆಲೆ ಶಾಂತವಾಯಿತು ಎಂದವರೆಲ್ಲ ಭ್ರಮೆಯಲ್ಲಿದ್ದಾರೆ ಎನ್ನಲು ನನಗೆ ಮನಸ್ಸಾಗದಿರುವುದು ಇದಕ್ಕೇ.

ಸ್ಪೀಕರ್ ಟರ್ಮಿನಲ್ಲಿನಲ್ಲಿ ಸ್ಕ್ರೂ ಸಡಿಲಾಗಿ, ತಾಮ್ರದ ಎಳೆಗಳು ಕಪ್ಪಾಗಿ ಅರ್ಧ ಓಮ್ ಸೇರಿಕೊಂಡರೆ ಬರೀ ಸದ್ದು ಕಡಿಮೆಯಾಗುವುದಿಲ್ಲ, ಸ್ವರದ ಬಣ್ಣವೂ ಬದಲಾಗುತ್ತದೆ. 8 ಓಮ್ ಎಂದು ಬರೆದ ಸ್ಪೀಕರಿನ ರೋಧ ಕೆಲವು ಸ್ಥಾಯಿಯಲ್ಲಿ 4 ಓಮಿಗೆ ಇಳಿದು ಇನ್ನು ಕೆಲವು ಕಡೆ 30ಕ್ಕೆ ಏರುವುದುಂಟು. 4 ಓಮ್ ಇರುವಲ್ಲಿ ಒಂದು ಡೆಸಿಬೆಲ್ ನಷ್ಟ, 30 ಇರುವಲ್ಲಿ ಬರೀ 0.14. ಹೆಚ್ಚುಕಡಿಮೆ 0.9 ಡೆಸಿಬೆಲ್ಲಿನ ಓರೆಕೋರೆ. ಗಮನವಿಟ್ಟು ಕೇಳುವವರ ಕಿವಿಗೆ ಅದು ಸಿಗುತ್ತದೆ.

ಬೆಳ್ಳಿ ಕಪ್ಪಾಗುವ ಮನೆ

ಬೆಳ್ಳಿಯ ಕಿಲುಬೂ ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ಆದ್ದರಿಂದ ಚಿಂತೆಯಿಲ್ಲ ಎನ್ನುವ ಮಾತು ಹೈಫೈ ವಲಯದಲ್ಲಿ ಬಹಳ ಓಡಾಡುತ್ತದೆ. ಅದು ತಪ್ಪು. ಬೆಳ್ಳಿಯ ಮೇಲೆ ಕೂರುವ ಕಪ್ಪು ಗಾಳಿಯಲ್ಲಿನ ಹೈಡ್ರೋಜನ್ ಸಲ್ಫೈಡ್ ಅನಿಲದಿಂದ ಆಗುವ ಸಿಲ್ವರ್ ಸಲ್ಫೈಡ್. ಅದು ಅರೆವಾಹಕ. ಮೆತ್ತಗಿರುವುದರಿಂದ ಉಜ್ಜಿದರೆ ಸುಲಭವಾಗಿ ಹೋಗುತ್ತದೆ ಎಂಬುದಷ್ಟೇ ಸಮಾಧಾನ. ಕೊಳಚೆ ನಿಂತ ಕೆರೆಯ ಪಕ್ಕ, ತೆರೆದ ಚರಂಡಿಯ ಪಕ್ಕ ಈ ಅನಿಲ ಹೆಚ್ಚು. ಕರಾವಳಿಯಲ್ಲಿ ಉಪ್ಪಿನಂಶ ಮತ್ತು ತೇವ ಎರಡೂ ಸೇರಿ ತಾಮ್ರ, ಹಿತ್ತಾಳೆಗಳನ್ನು ಬೇಗ ತಿನ್ನುತ್ತವೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಂಗಳೂರು, ಕಾರವಾರದ ಮನೆಗಳಲ್ಲಿ ಬೀರುವಿನೊಳಗಿನ ಬಟ್ಟೆಗೇ ಬೂಸಲು ಹಿಡಿಯುವಾಗ ಆಂಪಿನ ಹಿಂಬದಿಯ ಗತಿ ಊಹಿಸಬಹುದು.

ಡೇಟಾ ಸೆಂಟರುಗಳಲ್ಲಿ ಗಾಳಿಯ ಗುಣ ಅಳೆಯಲು ಬೆಳ್ಳಿ ಮತ್ತು ತಾಮ್ರದ ಸಣ್ಣ ತಗಡುಗಳನ್ನು ತೂಗುಹಾಕುತ್ತಾರೆ. ತಿಂಗಳಿಗೆ ಬೆಳ್ಳಿಯ ಮೇಲೆ 200 ಆಂಗ್‌ಸ್ಟ್ರಾಮ್, ಅಂದರೆ 20 ನ್ಯಾನೊಮೀಟರಿಗಿಂತ ಕಡಿಮೆ ಪೊರೆ, ತಾಮ್ರದ ಮೇಲೆ 300 ಆಂಗ್‌ಸ್ಟ್ರಾಮಿಗಿಂತ ಕಡಿಮೆ ಬೆಳೆದರೆ ಆ ಗಾಳಿ ಎಲೆಕ್ಟ್ರಾನಿಕ್ಸಿಗೆ ಸೌಮ್ಯ ಎಂದು ಯಂತ್ರನಿಯಂತ್ರಣ ತಜ್ಞರ ಸಂಸ್ಥೆಯಾದ ಐಎಸ್‌ಎಯ 71.04 ಮಾನದಂಡ ಹೇಳುತ್ತದೆ. ನಮ್ಮ ಮನೆಗಳಲ್ಲಿ ಆ ತಗಡು ಆಗಲೇ ಇದೆ, ದೇವರ ಮನೆಯ ಬೆಳ್ಳಿ ಸಾಮಾನು. ಹಬ್ಬಕ್ಕೆ ತೊಳೆದಿಟ್ಟ ಬೆಳ್ಳಿ ದೀಪ ಕೆಲವೇ ವಾರದಲ್ಲಿ ಕಪ್ಪಾಗುತ್ತಿದ್ದರೆ ಆ ಮನೆಯ ರಿಲೇ, ಸ್ವಿಚ್, ಬೆಳ್ಳಿ ಲೇಪಿತ ಪ್ಲಗ್‌ಗಳಿಗೂ ಅದೇ ಆಗುತ್ತಿರುತ್ತದೆ. ಅಂಥ ಮನೆಯವರು ಚಿನ್ನದ ಲೇಪನದ ಪ್ಲಗ್ ಕೊಳ್ಳುವುದು ಶೋಕಿಯಲ್ಲ. ಅಗ್ಗದ ಪ್ಲಗ್‌ಗಳ ಮೇಲಿನ ಚಿನ್ನ ಮೈಕ್ರೊಮೀಟರಿನ ಹತ್ತರಲ್ಲೊಂದು ಭಾಗವೂ ದಪ್ಪ ಇರದೆ, ಸಣ್ಣ ರಂಧ್ರಗಳ ಮೂಲಕ ಕೆಳಗಿನ ಲೋಹದ ಕಿಲುಬು ಮೇಲೆ ಬರುತ್ತದೆ ಎಂಬುದು ಮಾತ್ರ ನೆನಪಿರಲಿ. ಅಂಥದ್ದನ್ನು ಉಪ್ಪುಕಾಗದದಿಂದ ಉಜ್ಜಿದರೆ ಚಿನ್ನವೇ ಹೋಗಿಬಿಡುತ್ತದೆ.

ಸೀಸೆಯೊಳಗೆ ಏನಿದೆ

ಈ ಸರಕುಗಳನ್ನೆಲ್ಲ ಒಂದೇ ಹೆಸರಿನಲ್ಲಿ ಮಾರುವುದರಿಂದ ಗೊಂದಲ ಆಗಿದೆ. ಡಿಯಾಕ್ಸಿಟ್ ಮೂಲತಃ ಕಿಲುಬು ತೆಗೆಯುವ ದ್ರವ. ಹೆಚ್ಚು ಬಳಕೆಯಲ್ಲಿರುವ ಡಿ5 ಸ್ಪ್ರೇಯಲ್ಲಿ ಕೆಲಸದ ದ್ರವ ಇರುವುದು ಶೇಕಡಾ 5, ಉಳಿದದ್ದು ದ್ರಾವಕ ಮತ್ತು ಚಿಮ್ಮಿಸುವ ಅನಿಲ. ಅದು ಆಕ್ಸೈಡಿನೊಂದಿಗೆ ವರ್ತಿಸಿ ಸಡಿಲಿಸುತ್ತದೆ, ಒರೆಸಿದ ಮೇಲೆ ತೆಳುವಾದ ಎಣ್ಣೆಪೊರೆ ಬಿಡುತ್ತದೆ. ಬರೀ ಐಸೊಪ್ರೊಪೈಲ್ ಆಲ್ಕೋಹಾಲ್ ಜಿಡ್ಡು ತೆಗೆಯುತ್ತದೆಯೇ ಹೊರತು ಆಕ್ಸೈಡಿಗೆ ಏನೂ ಮಾಡದು. ತಾಮ್ರದ ಚೊಂಬನ್ನು ಬರೀ ನೀರಿನಲ್ಲಿ ತೊಳೆಯುವುದಕ್ಕೂ ಹುಣಸೆಹಣ್ಣು ಹಾಕಿ ತಿಕ್ಕುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿರುವುದು. ಹಾಗೆಂದು ಪ್ಲಗ್ಗಿಗೆ ಹುಣಸೆಹಣ್ಣು ಹಚ್ಚಬಾರದು, ಸಂದಿನಲ್ಲಿ ಉಳಿದ ಹುಳಿ ಮುಂದೆ ಲೋಹವನ್ನೇ ತಿನ್ನುತ್ತದೆ.

ಸ್ಟೇಬಿಲಂಟ್ 22ರ ದಾರಿ ಬೇರೆ. ಅದೊಂದು ಪಾಲಿಮರ್ ದ್ರವ, ಆಲ್ಕೋಹಾಲಿನಲ್ಲಿ ತೆಳುಮಾಡಿದ್ದನ್ನು 22ಎ ಎಂದು ಮಾರುತ್ತಾರೆ. ಕಾಂಟ್ಯಾಕ್ಟಿನ ಸೂಕ್ಷ್ಮ ಸಂದಿನಲ್ಲಿ ವಿದ್ಯುತ್ ಕ್ಷೇತ್ರಕ್ಕೆ ಸಿಕ್ಕಾಗ ಅದು ವಾಹಕವಾಗುತ್ತದೆ, ಪಕ್ಕದ ಪಿನ್ನುಗಳ ನಡುವೆ ಅವಾಹಕವಾಗಿಯೇ ಉಳಿಯುತ್ತದೆ ಎಂಬುದು ತಯಾರಕರ ಹೇಳಿಕೆ. ಆ ಹೇಳಿಕೆಯನ್ನು ಪಕ್ಕಕ್ಕಿಟ್ಟರೂ ಇಂಥ ದ್ರವಕ್ಕೆ ಒಂದು ನಿಜವಾದ ಉಪಯೋಗ ಇದೆ. ತಾಪದ ಏರಿಳಿತ, ಸ್ಪೀಕರಿನ ಕಂಪನಗಳಿಂದ ಪ್ಲಗ್ ಮತ್ತು ಸಾಕೆಟ್ ಮೈಕ್ರೊಮೀಟರಿನಷ್ಟು ಹಿಂದೆಮುಂದೆ ಸರಿಯುತ್ತಲೇ ಇರುತ್ತವೆ. ಪ್ರತಿ ಸಲ ಸರಿದಾಗಲೂ ಹೊಸ ಲೋಹ ಬಯಲಾಗಿ, ಗಾಳಿ ತಾಗಿ, ಆಕ್ಸೈಡ್ ಪುಡಿಯಾಗಿ ಅಲ್ಲೇ ಕೂರುತ್ತದೆ. ತವರದ ಲೇಪನದ ಕಾಂಟ್ಯಾಕ್ಟ್‌ಗಳು ಹೆಚ್ಚಾಗಿ ಸಾಯುವುದು ಹೀಗೆ. ಈ ಸವೆತವನ್ನೂ ಅದನ್ನು ತಡೆಯುವ ಎಣ್ಣೆಗಳನ್ನೂ ಅಮೆರಿಕದ ಟೆಲಿಫೋನ್ ಕಂಪನಿಯ ಸಂಶೋಧನಾಲಯವಾದ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಟನ್ ಆಂಟ್ಲರ್ ದಶಕಗಳ ಕಾಲ ಅಭ್ಯಾಸ ಮಾಡಿದರು. ಟೆಲಿಫೋನ್ ಜಾಲ ವರ್ಷಗಟ್ಟಲೆ ಕೈಕೊಡದೆ ನಡೆಯಬೇಕಿತ್ತು, ಅವರಿಗೆ ಈ ಎಣ್ಣೆ ಬೇಕಿತ್ತು. ಆಯಸ್ಸು ಹೆಚ್ಚಿಸುವ ಈ ಗುಣವನ್ನು ಹೈಫೈ ಪೇಟೆ ಸ್ವರದ ಗುಣವೆಂಬಂತೆ ಮಾರುತ್ತಿದೆ.

ಬೆಳ್ಳಿಪುಡಿಯ ಪೇಸ್ಟ್‌ಗಳನ್ನು ಕೊಳ್ಳಬೇಡಿ ಎಂದೇ ನಾನು ಹೇಳುವುದು. ಬೆಳ್ಳಿ ಅತ್ಯುತ್ತಮ ವಾಹಕ ಎಂಬುದು ಗಟ್ಟಿ ಬೆಳ್ಳಿಯ ಮಾತು. ಎಣ್ಣೆಯಲ್ಲಿ ತೇಲುವ ಹರಳುಗಳ ನಡುವೆ ಪ್ರತಿ ಹೆಜ್ಜೆಗೂ ಹೊಸದೊಂದು ಕಾಂಟ್ಯಾಕ್ಟ್ ಇರುತ್ತದೆ. ಹರಳುಗಳೂ ಮುಂದೆ ಕಪ್ಪಾಗುತ್ತವೆ. ಇನ್ನೂ ದೊಡ್ಡ ಅಪಾಯ ಬೇರೆ ಇದೆ. ತೇವವಿದ್ದು ಡಿಸಿ ವೋಲ್ಟೇಜ್ ಇದ್ದರೆ ಬೆಳ್ಳಿ ಅವಾಹಕದ ಮೇಲೆ ಎಳೆಎಳೆಯಾಗಿ ಬೆಳೆದು ಪಕ್ಕದ ಪಿನ್ನನ್ನು ಮುಟ್ಟುತ್ತದೆ. ಬೆಲ್ ಲ್ಯಾಬ್ಸ್‌ನ ಸಂಶೋಧಕರು ಇದನ್ನು 1955ರಲ್ಲೇ ವಿವರವಾಗಿ ಪ್ರಕಟಿಸಿದ್ದರು. 300, 400 ವೋಲ್ಟ್ ಇರುವ ವಾಲ್ವ್ ಆಂಪಿನ ಸಾಕೆಟ್ಟಿಗೆ ಈ ಪೇಸ್ಟ್ ಹಚ್ಚುವುದು, ಅದೂ ನಮ್ಮ ಮಳೆಗಾಲದ ಹವೆಯಲ್ಲಿ, ಕಣ್ಣಾರೆ ಕಂಡು ಬೆಂಕಿಗೆ ದಾರಿ ಮಾಡಿಕೊಟ್ಟಂತೆ. ಗ್ರಾಫೀನ್ ಹೆಸರಿನವಕ್ಕೂ ಇದೇ ಎಚ್ಚರಿಕೆ. ಗ್ರಾಫೀನ್ 2010ರಲ್ಲಿ ನೊಬೆಲ್ ತಂದ ವಸ್ತು ನಿಜ, ಒಂದೇ ಹಾಳೆಯಲ್ಲಿ ಅದರ ವಾಹಕತೆ ಅದ್ಭುತವೂ ಹೌದು. ಹಾಳೆಯಿಂದ ಹಾಳೆಗೆ ಜಿಗಿಯಬೇಕಾದಾಗ ಆ ಗುಣ ಉಳಿಯುವುದಿಲ್ಲ.

ಮಾರಾಟಗಾರರ ಇನ್ನೊಂದು ವಾದಕ್ಕೆ ಉತ್ತರ ಕೊಡಬೇಕು. ಆಕ್ಸೈಡ್ ಪೊರೆ ಡಯೋಡಿನಂತೆ, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಾಧನದಂತೆ ವರ್ತಿಸಿ ಸ್ವರವನ್ನು ವಿರೂಪಗೊಳಿಸುತ್ತದೆ ಎನ್ನುತ್ತಾರೆ. ಇದರಲ್ಲಿ ಭೌತವಿಜ್ಞಾನ ಇದೆ, ಮತ್ತು ಅದರ ಚರಿತ್ರೆಯಲ್ಲಿ ನಮ್ಮವರೊಬ್ಬರ ಹೆಸರೂ ಇದೆ. ಜಗದೀಶಚಂದ್ರ ಬೋಸ್ 1899ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ವಿವರಿಸಿದ್ದು ಕಬ್ಬಿಣ ಮತ್ತು ಪಾದರಸದ ನಡುವಿನ ಸೂಕ್ಷ್ಮ ಕಾಂಟ್ಯಾಕ್ಟಿನಿಂದ ರೇಡಿಯೊ ತರಂಗ ಹಿಡಿಯುವ ಸಾಧನವನ್ನು. ಸೀಸದ ಸಲ್ಫೈಡ್ ಆದ ಗೆಲೀನಾ ಹರಳಿನ ಡಿಟೆಕ್ಟರಿಗೆ ಅವರಿಗೆ 1904ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. 1920ರ ದಶಕದಲ್ಲಿ ತಾಮ್ರದ ಆಕ್ಸೈಡಿನಿಂದಲೇ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್‌ಗಳು ತಯಾರಾದವು. ತುಕ್ಕು ಹಿಡಿದ ಬೋಲ್ಟು ರೇಡಿಯೊ ಸಿಗ್ನಲ್ಲುಗಳನ್ನು ಕಲಸಿಹಾಕುವುದು ಟವರಿನ ಎಂಜಿನಿಯರುಗಳಿಗೆ ದಿನನಿತ್ಯದ ತಲೆನೋವು. ಆದರೆ ಪೊರೆಯ ಪಕ್ಕದಲ್ಲೇ ಒಂದು ಶುಭ್ರ ಚುಕ್ಕೆ ಇದ್ದರೆ ಕರೆಂಟೆಲ್ಲ ಅದರೊಳಗೇ ಹರಿಯುತ್ತದೆ, ಡಯೋಡಿನ ಮೇಲೆ ಉಳಿಯುವ ವೋಲ್ಟೇಜ್ ತೀರಾ ಕಡಿಮೆ. ಡಯೋಡಿನ ವಾದ ಪೂರ್ತಿ ಕೆಟ್ಟ ಜೋಡಣೆಗೆ ಸರಿ. ಅಂಥ ಜೋಡಣೆ ಕರಕರ ಎಂದು ತಾನೇ ಹೇಳಿಕೊಳ್ಳುತ್ತದೆ.

ಹಚ್ಚಿದ್ದರಿಂದಲೋ, ಕಿತ್ತು ಹಾಕಿದ್ದರಿಂದಲೋ

ದ್ರವ ಹಚ್ಚಬೇಕೆಂದರೆ ಪ್ಲಗ್ ಕೀಳಬೇಕು, ಒರೆಸಬೇಕು, ಮತ್ತೆ ತಿರುಚಿ ಒತ್ತಬೇಕು. ಈ ಕೀಳುವ ಮತ್ತು ಒತ್ತುವ ಕೆಲಸದಲ್ಲೇ ಲೋಹ ಲೋಹಕ್ಕೆ ಉಜ್ಜಿ ಪೊರೆ ಹರಿದುಹೋಗುತ್ತದೆ, ಕನೆಕ್ಟರುಗಳನ್ನು ರೂಪಿಸುವುದೇ ಹಾಗೆ. ಹಚ್ಚಿದ ಮೇಲೆ ಸ್ವರ ಸುಧಾರಿಸಿದ್ದು ನಿಜವೇ ಇರಬಹುದು, ಕೀರ್ತಿ ಯಾರಿಗೆ ಸಲ್ಲಬೇಕು ಎಂಬುದೇ ಪ್ರಶ್ನೆ. ನಾನು ಓದಿದ ಮೆಚ್ಚುಗೆಯ ವರದಿಗಳಲ್ಲಿ ಬರೀ ಕಿತ್ತು ಹಾಕಿ ಕೇಳಿದ ವಿವರ ಎಲ್ಲೂ ಇರಲಿಲ್ಲ.

ಜೊತೆಗೆ ನಡುವೆ ಅರ್ಧ ಗಂಟೆ ಕಳೆದಿರುತ್ತದೆ, ಆಂಪ್ ಆರಿಸಿ ಹಚ್ಚಿರುತ್ತಾರೆ, ವಾಲ್ಯೂಮ್ ಕೂದಲೆಳೆಯಷ್ಟು ಬೇರೆ ಇರುತ್ತದೆ. ಅರ್ಧ ಡೆಸಿಬೆಲ್ ಜೋರಾದರೆ ನಮ್ಮ ಕಿವಿ ಅದನ್ನು ಜೋರು ಎಂದು ಗುರುತಿಸುವುದಿಲ್ಲ, ಚೆನ್ನಾಗಿದೆ ಎಂದು ಗುರುತಿಸುತ್ತದೆ. ಕೇಳಿಸಿದ್ದನ್ನು ಯಾವುದು ಯಾವುದೆಂದು ತಿಳಿಯದೆ ಹೋಲಿಸುವ ಎಬಿಎಕ್ಸ್ ವಿಧಾನವನ್ನು ಬೆಲ್ ಲ್ಯಾಬ್ಸ್‌ನ ಮನ್ಸನ್ ಮತ್ತು ಗಾರ್ಡ್ನರ್ 1950ರಲ್ಲೇ ಬರೆದಿಟ್ಟರು, 1982ರಲ್ಲಿ ಡೇವಿಡ್ ಕ್ಲಾರ್ಕ್ ಅದಕ್ಕೆ ಹೈಫೈಗೆ ಒಗ್ಗುವ ರೂಪ ಕೊಟ್ಟರು. ಅದಕ್ಕೆ ಗುಂಡಿ ಒತ್ತಿದೊಡನೆ ಬದಲಾಗುವ ಎರಡು ದಾರಿಗಳು ಬೇಕು. ಒಮ್ಮೆ ಹಚ್ಚಿದ ದ್ರವವನ್ನು ಗುಂಡಿ ಒತ್ತಿ ಒರೆಸಲು ಆಗುವುದಿಲ್ಲ.

ಸ್ಟೀರಿಯೊದಲ್ಲಿ ಇದಕ್ಕೊಂದು ಸುಲಭ ದಾರಿ ಇದೆ, ಯಾಕೆಂದರೆ ಅಲ್ಲಿ ಎಲ್ಲವೂ ಜೋಡಿ. ಮನೆಯವರೊಬ್ಬರಿಗೆ ಹೇಳಿ, ಎಡ ಬಲ ಎರಡೂ ಕಡೆಯ ಪ್ಲಗ್‌ಗಳನ್ನು ಒಂದೇ ರೀತಿ ಕಿತ್ತು, ಒರೆಸಿ, ಹಾಕಲಿ. ಆದರೆ ದ್ರವವನ್ನು ಒಂದೇ ಕಡೆಗೆ ಹಚ್ಚಲಿ, ಯಾವ ಕಡೆ ಎಂದು ನಿಮಗೆ ಹೇಳದಿರಲಿ. ಆಮೇಲೆ ಆಂಪಿನ ಮೋನೊ ಗುಂಡಿ ಒತ್ತಿ, ಒಂಟಿ ಗಾಯನದ ರೆಕಾರ್ಡ್ ಹಾಕಿ, ಎರಡು ಸ್ಪೀಕರ್‌ಗಳ ನಟ್ಟನಡುವೆ ಕೂತು ಕೇಳಿ. ಎರಡೂ ಕಡೆ ಒಂದೇ ಆಗಿದ್ದರೆ ಹಾಡು ನಡುವೆ ನಿಲ್ಲುತ್ತದೆ. ಒಂದು ಕಡೆ ಸುಧಾರಿಸಿದ್ದರೆ ದನಿ ಅತ್ತ ವಾಲಬೇಕು ಅಥವಾ ಎರಡು ಬದಿಯ ಬಣ್ಣ ಬೇರೆಯಾಗಬೇಕು. ಯಾವ ಕಡೆ ಹಚ್ಚಿದ್ದು ಎಂದು ಬರೆದಿಟ್ಟು, ಕಡೆ ಬದಲಿಸಿ ಮತ್ತೆ ಹಲವು ಸಲ ಮಾಡಿ ತಾಳೆ ನೋಡಿ. ಕೋಣೆಯ ಆಕಾರ, ಸ್ಪೀಕರುಗಳ ಹುಟ್ಟುವ್ಯತ್ಯಾಸ ಎಲ್ಲ ಹಾಗೇ ಇರುತ್ತವೆ, ಆದ್ದರಿಂದ ಹಚ್ಚುವ ಮೊದಲೇ ದನಿ ಎಲ್ಲಿ ನಿಂತಿತ್ತು ಎಂದು ಗುರುತು ಹಾಕಿಕೊಳ್ಳುವುದು ಮುಖ್ಯ.

ಅಳೆಯಬೇಕೆನ್ನುವವರಿಗೆ ಮಲ್ಟಿಮೀಟರಿನ ಓಮ್ ರೇಂಜ್ ಕೆಲಸಕ್ಕೆ ಬಾರದು, ಅದರ ವೈರುಗಳ ರೋಧವೇ ಓಮಿನ ಕೆಲವು ಹತ್ತನೇ ಭಾಗ. ಎಸಿ ಮಿಲಿವೋಲ್ಟ್ ಓದುವ ಮೀಟರ್ ಇದ್ದರೆ ಬೇರೆ ದಾರಿ ಉಂಟು. 50 ಹರ್ಟ್ಸಿನ ಟೆಸ್ಟ್ ಟೋನ್ ಹಾಕಿ, ಸ್ಪೀಕರಿಗೆ 4 ವೋಲ್ಟ್ ಹೋಗುವಷ್ಟು ವಾಲ್ಯೂಮ್ ಇಡಿ. 8 ಓಮಿನ ಸ್ಪೀಕರಿಗೆ ಸುಮಾರು ಅರ್ಧ ಆಂಪಿಯರ್ ಆಯಿತು. ಈಗ ಮೀಟರಿನ ಒಂದು ಕಡ್ಡಿಯನ್ನು ವೈರಿನ ಬರಿ ತಾಮ್ರಕ್ಕೆ, ಇನ್ನೊಂದನ್ನು ಟರ್ಮಿನಲ್ಲಿನ ಲೋಹಕ್ಕೆ ಮುಟ್ಟಿಸಿ. 5 ಮಿಲಿವೋಲ್ಟ್ ಕಂಡರೆ ಆ ಜೋಡಣೆಯ ರೋಧ ಸುಮಾರು 10 ಮಿಲಿಓಮ್, ಅದರ ಗೊಡವೆಗೆ ಹೋಗಬೇಡಿ. 100 ಮಿಲಿವೋಲ್ಟ್ ಕಂಡರೆ ವೈರಿನ ಕಪ್ಪಾದ ತುದಿ ಕತ್ತರಿಸಿ, ಹೊಸದಾಗಿ ಸಿಪ್ಪೆ ಸುಲಿದು, ಲೋಹದ ಟೊಪ್ಪಿಗೆಯಂಥ ಲಗ್ ಹಾಕಿ, ಇಕ್ಕಳದಿಂದ ಒತ್ತಿ ಕ್ರಿಂಪ್ ಮಾಡಿ ಬಿಗಿಯಿರಿ. ತುದಿಗೆ ಬೆಸುಗೆ ತುಂಬಿ ಸ್ಕ್ರೂ ಕೆಳಗೆ ಕೊಡುವ ಅಭ್ಯಾಸ ಒಳ್ಳೆಯದಲ್ಲ. ಬೆಸುಗೆ ಒತ್ತಡಕ್ಕೆ ನಿಧಾನವಾಗಿ ಹರಿದು, ತಿಂಗಳುಗಳಲ್ಲಿ ಸ್ಕ್ರೂ ತಾನಾಗಿ ಸಡಿಲಾಗುತ್ತದೆ.

ಗೋಡೆಯ 230 ವೋಲ್ಟಿನ ಪ್ಲಗ್ಗಿಗೆ ಯಾವ ದ್ರವವನ್ನೂ ಹಚ್ಚಬೇಡಿ. ಅಲ್ಲಿ ಕಾಂಟ್ಯಾಕ್ಟ್ ಕೆಟ್ಟಿದ್ದರೆ ಪ್ಲಗ್ ಬಿಸಿಯಾಗುತ್ತದೆ, 10 ಆಂಪಿಯರ್ ಹರಿಯುವಾಗ ಅರ್ಧ ಓಮ್ ಇದ್ದರೂ 50 ವ್ಯಾಟ್ ಶಾಖ. ಅದಕ್ಕೆ ಪರಿಹಾರ ಹೊಸ ಸಾಕೆಟ್ ಮತ್ತು ಬಲ್ಲ ಎಲೆಕ್ಟ್ರಿಷಿಯನ್. ಉಳಿದ ಕಡೆಗೆ, ಬೆಂಗಳೂರಿನ ಎಸ್‌.ಪಿ. ರೋಡಿನ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುವ ಸಾಧಾರಣ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಎಲ್ಲ ಉಪಕರಣದ ಪ್ಲಗ್ ಗೋಡೆಯಿಂದ ಕಿತ್ತು, ಬಟ್ಟೆಯ ಮೇಲೆ ಸ್ಪ್ರೇ ಮಾಡಿ ಆ ಬಟ್ಟೆಯಿಂದ ಒರೆಸಿ, ಹೆಚ್ಚಾದದ್ದನ್ನು ತೆಗೆದು, ಒಣಗಲು ಬಿಡಿ. ವಾಲ್ಯೂಮ್ ನಾಬ್ ಕರಕರ ಎನ್ನುತ್ತಿದ್ದರೆ ಬರೀ ದ್ರಾವಕದ ಸ್ಪ್ರೇ ಬೇಡ, ಅದು ಒಳಗಿನ ಗ್ರೀಸನ್ನೂ ತೊಳೆದುಬಿಡುತ್ತದೆ. ಎಣ್ಣೆಯಂಶ ಇರುವುದನ್ನೇ ಕೇಳಿ ತನ್ನಿ. ಕರಾವಳಿಯವರು ಮಳೆಗಾಲ ಮುಗಿದ ಮೇಲೊಮ್ಮೆ, ಉಳಿದವರು ವರ್ಷಕ್ಕೊಮ್ಮೆ ಎಲ್ಲ ಪ್ಲಗ್‌ಗಳನ್ನು ಕಿತ್ತು ತಿರುಚಿ ಹಾಕಿದರೆ ಬಹುಪಾಲು ಕೆಲಸ ಆದಂತೆ. ದುಬಾರಿ ಸೀಸೆಯನ್ನು ಆಗಲೇ ಕೊಂಡಿದ್ದರೆ ಎಸೆಯಬೇಕಿಲ್ಲ, ಅದರಲ್ಲಿ ಲೋಹದ ಪುಡಿ ಇಲ್ಲವೆಂದು ಖಚಿತ ಮಾಡಿಕೊಂಡು ಕಾರ್ಟ್ರಿಜ್ಜಿನ ಆ ನಾಲ್ಕು ಪಿನ್ನುಗಳಿಗೆ ಹಲ್ಲುಕಡ್ಡಿಯ ತುದಿಯಲ್ಲಿ ಒಂದು ಹನಿ ಬಳಸಿ.